ಉದುರಿದವು ಸತ್ತಿರಲಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಕೇಂದ್ರದ ಮೂರನೆಯ ಮಹಡಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಆಕೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗಿನ ರಬ್ಬರ್ ಚಪ್ಪಲಿ ಮೆಟ್ಟುತ್ತಾರೆ. ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಾರೆ, ಕೈಗವಸು ಹಾಕಿ ಅದರ ಮೇಲೆ ಸ್ಪಿರಿಟ್ ಸಿಂಪಡಿಸಿಕೊಳ್ಳುತ್ತಾರೆ. ಆಮೇಲೆ ಗೋಡೆಗೆ ಆನಿಸಿಟ್ಟ, ಬೀರುವಿನಷ್ಟು ಎತ್ತರದ ಇನ್‌ಕ್ಯುಬೇಟರ್‌ನ ಬಾಗಿಲು ತೆರೆಯುತ್ತಾರೆ. ಒಳಗಿನ ಗಾಳಿ ಮನುಷ್ಯನ ಮೈಯಷ್ಟೇ ಬೆಚ್ಚಗಿದೆ. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಗಳು ಅಲ್ಲಿ ಸಾಲಾಗಿ ಮಲಗಿವೆ.

"ಎದ್ರಾ? ಹೊಟ್ಟೆ ಹಸೀತಾ?" ಎಂದು ಅವುಗಳನ್ನು ಕೇಳುತ್ತಾರೆ.

ಬಾಟಲಿಗಳಲ್ಲಿರುವುದು ಕ್ಯಾನ್ಸರ್. ರೋಗಿಗಳ ದೇಹದಿಂದ ತೆಗೆದ ಗೆಡ್ಡೆಗಳ ಜೀವಕೋಶಗಳು. ಅವುಗಳಿಗೆ ಹೊತ್ತುಹೊತ್ತಿಗೆ ಆಹಾರ ಹಾಕಿ ಸಾಕುವುದು ಈಕೆಯ ಕೆಲಸ. ಅವುಗಳ ಮೇಲೆ ಔಷಧಿ ಹಾಕಿ ನೋಡುವವರು, ಅದನ್ನು ಬರೆದು ಪದವಿ ಪಡೆಯುವವರು, ವೇದಿಕೆ ಹತ್ತಿ ಮಾತಾಡುವವರು ಬೇರೆ. ಅವರು ಬರುವುದು ಬಿಸಿಲೇರಿದ ಮೇಲೆ.

ಬಾಟಲಿಯ ದ್ರವ ಮೊದಲು ಕೆಂಪಾಗಿರುತ್ತದೆ. ಕೋಶಗಳು ತಿಂದು ಕಕ್ಕಿದ ಹಾಗೆಲ್ಲ ಹಳದಿಗೆ ತಿರುಗುತ್ತದೆ. ಹಳದಿಯಾದದ್ದನ್ನು ಹೀರಿ ತೆಗೆದು ಹೊಸದು ತುಂಬಬೇಕು. ಸೋಸಿದ ಗಾಳಿ ಬೀಸುವ ಗಾಜಿನ ಗೂಡಿನೊಳಗೆ ಕೈ ಚಾಚಿ, ಬಾಟಲಿಯ ಬಾಯಿಗೆ ದ್ರವ ಹೀರುವ ಪಿಪೆಟ್ ಕೊಳವೆ ತಾಗದ ಹಾಗೆ, ದಿನಕ್ಕೆ ನಲವತ್ತರ ಆಸುಪಾಸು ಬಾಟಲಿ. ತಾಗಿತೋ, ಬೂಷ್ಟು ಹಿಡಿಯಿತೆಂದೇ ಲೆಕ್ಕ. ಒಂದು ಬಾಟಲಿಗೆ ಬೂಷ್ಟು ಬಂದರೆ ಅಕ್ಕಪಕ್ಕದವನ್ನೂ ಬ್ಲೀಚ್ ಸುರಿದು ಚೆಲ್ಲಬೇಕು, ಯಾರದೋ ವರ್ಷದ ದುಡಿಮೆ ಚರಂಡಿ ಪಾಲು. ಹಾಗಾಗಿ ಕೈ ತೊಳೆಯದೆ ಒಳಗೆ ಕಾಲಿಟ್ಟವರು ಎಷ್ಟೇ ಓದಿದವರಾಗಿರಲಿ, ಹೊಸ ಸೊಸೆಯನ್ನು ಗದರಿದ ಹಾಗೆ ಗದರಿ ಹೊರಗೆ ಅಟ್ಟುತ್ತಾರೆ. ಅದಕ್ಕೇ ಇಡೀ ಕೇಂದ್ರಕ್ಕೆ ಇವರು 'ಅತ್ತೆ'. ನಿರ್ದೇಶಕರೂ ಹಾಗೇ ಕರೆಯುತ್ತಾರೆ. ಪತ್ರಿಕೆಗೆ ಬರೆಯಲು ಹೋಗಿದ್ದ ನಾನೂ ಎರಡನೆಯ ದಿನಕ್ಕೆ ಕರೆಯತೊಡಗಿದೆ, ಯಾಕೆಂದರೆ ಮೊದಲನೆಯ ದಿನ ನನಗೂ ಗದರಿಕೆ ಆಯಿತು.

ಅತ್ತೆ ಇಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ಆಗ ಬಾಟಲಿಗಳು ಗಾಜಿನವು, ತೊಳೆದು ಬೇಯಿಸಿ ಮತ್ತೆ ಬಳಸುತ್ತಿದ್ದರು. ಗಂಡ ಇದೇ ಕಟ್ಟಡದ ಲಿಫ್ಟ್ ನಡೆಸುತ್ತಿದ್ದರು. ಅವರು ಎದೆನೋವಿನಿಂದ ಹಠಾತ್ತನೆ ತೀರಿಕೊಂಡ ಮೇಲೆ ಕೇಂದ್ರದವರು ಈಕೆಯನ್ನು ಕರೆದು ಕೆಲಸ ಕೊಟ್ಟರು. ಪ್ಲಾಸ್ಟಿಕ್ ಬಂದು ತೊಳೆಯುವ ಕೆಲಸ ನಿಂತಾಗ, ಹಳೆಯ ತಂತ್ರಜ್ಞರೊಬ್ಬರು "ಸುಮ್ನೆ ಕೂರೋ ಬದಲು ಇದನ್ನ ಕಲಿ" ಎಂದು ಪಿಪೆಟ್ ಕೈಗಿತ್ತರು. ಕಲಿಯುವಾಗ ಎಷ್ಟೋ ಬಾಟಲಿ ಕೆಡಿಸಿದ್ದಾರೆ. "ನನ್ನಿಂದ ಹಾಳಾದಷ್ಟು ಬಾಟಲಿ ಇನ್ಯಾರಿಂದಲೂ ಹಾಳಾಗಿಲ್ಲ. ಪಾಪ, ಅವರು ತಲೆ ಚಚ್ಚಿಕೊಳ್ತಿದ್ರು. ಬೈದಿದ್ದು ಮಾತ್ರ ಇಲ್ಲ" ಎಂದು ನಗುತ್ತಾರೆ.

ಈ ಕೆಲಸಕ್ಕೆ ಭಾನುವಾರವಿಲ್ಲ. ಕೋಶಗಳಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಹತ್ತಿರದವರ ಮದುವೆಗೆ ಹೋದರೂ ಊಟದ ಹೊತ್ತಿಗೆ ಹೋಗಿ ಕೈ ತೊಳೆದು ಬಂದದ್ದೇ. ಹೆಬ್ಬೆರಳಿನ ಬುಡದಲ್ಲಿ ಬಿಡದ ನೋವು. ಸ್ಪಿರಿಟ್‌ಗೆ ಚರ್ಮ ಒಣಗಿ ಬೆರಳ ಸಂದು ಒಡೆದಿದೆ. ಮನೆಯಲ್ಲಿ ಬೂಷ್ಟು ಬಂದ ಬ್ರೆಡ್ ಮುಟ್ಟಿದರೆ ಸ್ನಾನ ಮಾಡದೆ ಕೋಣೆಗೆ ಬರುವುದಿಲ್ಲ. ಇಷ್ಟೆಲ್ಲ ಮಾಡಿ ಸಾಕುವುದಾದರೂ ಏನನ್ನು?

"ನನ್ನ ತಂಗಿ ಹೇಳೋಳು, ನಿಂದು ಹಾವಿಗೆ ಹಾಲೆರೆಯೋ ಕೆಲಸ ಕಣೇ ಅಂತ" ಎನ್ನುತ್ತಾರೆ ಅತ್ತೆ. "ನಾನು ಹೇಳೋಳು, ಹೆತ್ತೋರಿಗೆ ಹೆಗ್ಗಣ ಮುದ್ದು, ನೀನು ಸುಮ್ನಿರು."

ಅಷ್ಟು ಹೇಳಿ ಅತ್ತೆ ಮುಂದಿನ ಬಾಟಲಿ ಎತ್ತಿಕೊಳ್ಳುತ್ತಾರೆ. ವಾರಾಂತ್ಯದ ಪುರವಣಿಗೆ ಒಂದು ಹಸನ್ಮುಖದ ಲೇಖನ ಬರೆಯಲು ಹೋದವನು ನಾನು. ಎಲೆಮರೆಯ ಕಾಯಿ, ಸಾರ್ಥಕ ಸೇವೆ, ನಗುತ್ತಿರುವ ಫೋಟೊ, ಮುಗಿಯಿತು. ಮೂರನೆಯ ದಿನ ಬೆಳಗ್ಗೆ ಆಕೆ ಪಿಪೆಟ್ ಕೆಳಗಿಟ್ಟು ಒಂದು ಷರತ್ತು ಹಾಕಿದರು.

"ನನ್ನ ಬಗ್ಗೆ ಬರೆಯೋದಾದ್ರೆ ನಾನು ಮಾಡಿದ್ದನ್ನೂ ಬರೀಬೇಕು. ಅದನ್ನ ಬಿಟ್ಟು ಹೊಗಳೋದಾದ್ರೆ ಬೇಡ."

ಆಕೆ ಮಾಡಿದ್ದೇನು ಎಂದು ತಿಳಿಯಲು ಬಾಟಲಿಯೊಳಗಿನ ಸಂಗತಿ ಸ್ವಲ್ಪ ತಿಳಿದಿರಬೇಕು. ನನಗೆ ಅದನ್ನು ಬಿಡಿಸಿ ಹೇಳಿದವರು ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರೂ 'ಡಾಕ್ಟರ್' ಎಂದಷ್ಟೇ ಕರೆಯುವ, ಮೆಲುದನಿಯ ಮನುಷ್ಯ.

ನಮ್ಮ ಮೈಯ ಒಂದೊಂದು ಕೋಶದೊಳಗೂ ಅದರ ಸಾವಿನ ಏರ್ಪಾಡು ಇದೆಯಂತೆ. ಕೆಟ್ಟು ಹೋದಾಗ, ಹಳತಾದಾಗ, ಬೇಡವಾದಾಗ ಕೋಶಕ್ಕೆ ಒಳಗಿನಿಂದಲೇ ಆಜ್ಞೆ ಬರುತ್ತದೆ. ಆಗ ಅದು ಗಲಾಟೆ ಮಾಡದೆ ಮುದುಡಿ, ಸಣ್ಣ ಸಣ್ಣ ಚೂರಾಗಿ, ಅಕ್ಕಪಕ್ಕದ ಕೋಶಗಳಿಗೆ ಆಹಾರವಾಗಿ ಹೋಗುತ್ತದೆ. ಗರ್ಭದಲ್ಲಿ ನಮ್ಮ ಬೆರಳುಗಳ ನಡುವೆ ಬಾತುಕೋಳಿಯ ಕಾಲಿನಂತೆ ಚರ್ಮವಿರುತ್ತದೆ. ಅಲ್ಲಿನ ಕೋಶಗಳು ಹೇಳಿದ ಮಾತು ಕೇಳಿ ಸತ್ತದ್ದರಿಂದ ನಮಗೆ ಬೆರಳು ಬಂದಿವೆ. "ಪ್ರತಿ ದಿನ ನಮ್ಮೊಳಗೆ ಕೋಟಿಗಟ್ಟಲೆ ಸಾಯ್ತವೆ. ಅವು ಸಾಯೋದ್ರಿಂದ್ಲೇ ನಾವು ಬದುಕಿರೋದು" ಎನ್ನುತ್ತಾರೆ ಡಾಕ್ಟರ್.

ಕ್ಯಾನ್ಸರ್ ಕೋಶ ಮಾತ್ರ ಈ ಆಜ್ಞೆಗೆ ಸೊಪ್ಪು ಹಾಕುವುದಿಲ್ಲ. ಕೆಲವುಗಳಲ್ಲಿ ಆಜ್ಞೆ ಕೊಡುವ ಕಾವಲುಗಾರನೇ ಇರುವುದಿಲ್ಲ. ಇನ್ನು ಕೆಲವುಗಳಲ್ಲಿ ಆಜ್ಞೆ ಬಂದಿರುತ್ತದೆ, ಆದರೆ ಸಾವಿನ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದುಕೊಳ್ಳುವ ದ್ವಾರಪಾಲಕರು ಬೇಕಾದ್ದಕ್ಕಿಂತ ಹೆಚ್ಚಿರುತ್ತಾರೆ. ಒಂದು ಔಷಧಿ ಒಬ್ಬನನ್ನು ತಳ್ಳಿ ಹಾಕಿದರೆ ಅವನ ಜಾಗಕ್ಕೆ ಇನ್ನೊಬ್ಬ ಬಂದು ನಿಲ್ಲುತ್ತಾನೆ.

ಇನ್ನೊಂದು ಸಂಗತಿ. ಒಳ್ಳೆಯ ಕೋಶ ತಾನು ಅಂಟಿಕೊಂಡ ಜಾಗ ಬಿಟ್ಟರೆ ಬದುಕುವುದಿಲ್ಲ, ಆಸರೆ ತಪ್ಪಿದೊಡನೆ ಸಾಯುತ್ತದೆ. ಬಾಟಲಿಯಲ್ಲೂ ಹಾಗೇ. ಬದುಕಿರುವವು ತಳಕ್ಕೆ ಅಂಟಿಕೊಂಡು ಹರಡಿರುತ್ತವೆ, ಸತ್ತವು ತಳ ಬಿಟ್ಟು ತೇಲುತ್ತವೆ. ಬಾಟಲಿ ಸಾಕುವವರ ಆಡುಮಾತಿನಲ್ಲಿ ಅದಕ್ಕೆ 'ಉದುರುವುದು' ಎನ್ನುತ್ತಾರೆ. ಉದುರಿತು ಎಂದರೆ ಸತ್ತಿತು. ಇಷ್ಟು ವರ್ಷ ಅತ್ತೆ ಉದುರಿದ್ದನ್ನು ಎರಡನೆಯ ಸಲ ನೋಡದೆ ಹೀರಿ ಚೆಲ್ಲಿದ್ದಾರೆ. ಆದರೂ ಪ್ರಯೋಗದ ಬಾಟಲಿಯಾದರೆ ಒಂದು ನೇಮವಿದೆ. ಒಂದು ಹನಿ ತೆಗೆದು ನೀಲಿ ಬಣ್ಣ ಬೆರೆಸಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಸತ್ತ ಕೋಶ ಬಣ್ಣವನ್ನು ತಡೆಯಲಾರದು, ನೀಲಿಯಾಗುತ್ತದೆ. ಬದುಕಿರುವುದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳದೆ ಬಿಳಿಯಾಗಿಯೇ ಉಳಿಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಂತೆಯೇ ಆ ನೇಮ.

ಅತ್ತೆ ಮತ್ತು ತಂಗಿ ಒಂದೇ ಮನೆಯಲ್ಲಿದ್ದವರು. ತಂಗಿಗೆ ಮದುವೆಯಾಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ, ರಸ್ತೆಗೆ ತೆರೆದ ಕಿಟಕಿಯ ಪಕ್ಕ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಹೊಸ ಬಟ್ಟೆ ಹೊಲಿಯುತ್ತಿದ್ದದ್ದು ಕಡಿಮೆ. ದೊಡ್ಡದನ್ನು ಸಣ್ಣದು ಮಾಡುವುದು, ಸಣ್ಣದನ್ನು ಬಿಚ್ಚಿ ಅಗಲ ಮಾಡುವುದು, ಹರಿದದ್ದು ಕಾಣದ ಹಾಗೆ ಸೇರಿಸುವುದು. "ಜನ ದಪ್ಪ ಆಗ್ತಾರೆ, ಸಣ್ಣ ಆಗ್ತಾರೆ, ನನ್ನ ಹೊಟ್ಟೆಗೆ ಮೋಸ ಇಲ್ಲ" ಎನ್ನುತ್ತಿದ್ದಳಂತೆ. ಹಾಗೆ ಎಲ್ಲರ ಸೊಂಟದ ಅಳತೆ ತೆಗೆಯುತ್ತಿದ್ದವಳು ತನ್ನ ಲಂಗದ ದಾರ ಬಿಗಿಯಾಗುತ್ತಿದ್ದದ್ದನ್ನು ಬಹಳ ದಿನ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆಲ್ಲ ಹರಡಿ ನೀರು ತುಂಬಿತ್ತು.

ಶಸ್ತ್ರಚಿಕಿತ್ಸೆಯಾಯಿತು, ಔಷಧಿಗಳಾದವು. ಒಂದಷ್ಟು ಕಾಲ ಹಿಡಿತಕ್ಕೆ ಬಂದದ್ದು ಮತ್ತೆ ಕೈಮೀರಿತು. ಕಳೆದ ವರ್ಷ ವೈದ್ಯರು ಅವಳ ಮುಂದೆ ಎರಡು ದಾರಿ ಇಟ್ಟರು. ಬೇರೊಂದು ಬಗೆಯ ಕ್ಯಾನ್ಸರಿಗೆ ಕೊಡುವ ಔಷಧಿಯೊಂದಿದೆ, ಪ್ರಯತ್ನಿಸಬಹುದು. ಹಿಡಿಯುವ ಭರವಸೆ ಇಲ್ಲ, ಇರುವ ತ್ರಾಣವನ್ನಂತೂ ಹೀರುತ್ತದೆ. ಅದು ಬೇಡವೆಂದರೆ ಮನೆಗೆ ಹೋಗಬಹುದು, ನೋವಿಗೆ ಗುಳಿಗೆ ಕೊಡುತ್ತಾರೆ, ಸ್ವಲ್ಪ ಕಾಲ ಓಡಾಡಿಕೊಂಡಿರಬಹುದು.

"ಸಾಕು ಅಕ್ಕ, ಮನೆಗೆ ಹೋಗೋಣ" ಎಂದಳು ತಂಗಿ. "ಕಿಟಕಿ ಹತ್ರ ಕೂತು ನಾಲ್ಕು ಬಟ್ಟೆ ಹೊಲೀತೀನಿ. ಯಾರದೋ ಪ್ಯಾಂಟು ಹಾಗೇ ಬಿಚ್ಚಿ ಹಾಕಿ ಬಂದಿದೀನಿ, ಪಾಪ ಅವನು ಏನು ಉಟ್ಕೊಂಡು ಓಡಾಡ್ತಿದಾನೋ!" ಚೀಲ ಕಟ್ಟಿದ್ದೂ ಆಯಿತು. ಮಾರನೆಯ ಬೆಳಗ್ಗೆ ಹೊರಡುವುದೆಂದು ನಿಶ್ಚಯ.

ಇದಕ್ಕೆ ಕೆಲವು ದಿನ ಮೊದಲು ಅವಳ ಹೊಟ್ಟೆಯಿಂದ ತೆಗೆದ ನೀರಿನ ಒಂದು ಪಾಲು, ಅವಳ ಒಪ್ಪಿಗೆಯ ಮೇಲೆ, ಅತ್ತೆಯ ಕೋಣೆಗೆ ಬಂದಿತ್ತು. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ಆ ವಾರ ಬಂದದ್ದು ಅದೊಂದೇ. ಅತ್ತೆ ತಾವಾಗಿ ಹೋಗಿ ಡಾಕ್ಟರಿಗೆ ಹೇಳಿದರು. ಬೇರೆಯವರ ಕೈಗೆ ಕೊಡೋಣ ಎಂದರು ಡಾಕ್ಟರ್. ಅತ್ತೆ ಒಪ್ಪಲಿಲ್ಲ, ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದರು. "ಸರಿ, ಆದ್ರೆ ನಾನು ಹೇಳೋವರೆಗೆ ಮನೇಲಿ, ವಾರ್ಡಿನಲ್ಲಿ ತುಟಿ ಬಿಚ್ಚಬಾರದು" ಎಂದು ಡಾಕ್ಟರ್ ಮಾತು ತೆಗೆದುಕೊಂಡರು. ವೈದ್ಯರು ಹೇಳಿದ ಆ ಔಷಧಿಯನ್ನೇ ಆ ಕೋಶಗಳ ಮೇಲೂ ಹಾಕಿದರು.

ತಂಗಿ ಮನೆಗೆ ಹೊರಡಲು ಒಂದು ದಿನ ಉಳಿದಿತ್ತು. ಅವತ್ತು ಬೆಳಗಿನ ಜಾವ ಅತ್ತೆ ಎಂದಿನಂತೆ ಬಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. ತಳ ಬರಿದಾಗಿತ್ತು. ಹಿಂದಿನ ದಿನ ಹಾಸಿಕೊಂಡಿದ್ದ ಕೋಶಗಳೆಲ್ಲ ಎದ್ದು ಬಂದು, ಸಣ್ಣ ಸಣ್ಣ ಗುಂಪಾಗಿ ದ್ರವದಲ್ಲಿ ತೇಲುತ್ತಿದ್ದವು.

"ಉದುರಿದ್ವು! ಎಲ್ಲಾ ಉದುರಿದ್ವು! ಬಣ್ಣ ಹಾಕಿ ನೋಡೋಕೆ ಎಷ್ಟು ಹೊತ್ತು ಹೇಳಿ? ಹಾಲು ಕಾಯಿಸೋಷ್ಟು ಹೊತ್ತು. ಅಷ್ಟು ಹೊತ್ತು ತಡೀಲಿಲ್ಲ ನಾನು. ಕೈಗವಸು ಕಿತ್ತು ಹೊರಗೆ ಓಡಿ ಫೋನ್ ಮಾಡ್ದೆ. 'ಪುಟ್ಟೀ, ಸತ್ತವು ಕಣೇ! ಆ ಔಷಧಿಗೆ ನಿನ್ನವು ಒಂದೂ ಉಳಿದಿಲ್ಲ, ನಾನೇ ಕಣ್ಣಾರೆ ನೋಡ್ದೆ' ಅಂದೆ. ಆ ಕಡೆಯಿಂದ ಅವಳು ಅಳೋದು ಕೇಳಿಸ್ತು."

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಬೇರೆ ಯಾರ ಬಗ್ಗೆಯಾದರೂ ನಾನು ಸುಲಭವಾಗಿ ಬರೆದುಬಿಡುತ್ತಿದ್ದೆ. ಒಡಹುಟ್ಟಿದವಳ ಪ್ರಾಣ ಕೈಯಲ್ಲಿ ಹಿಡಿದು ನಿಂತವರ ಆತುರವನ್ನು ಏನೆಂದು ಬೈಯುವುದು?

ಡಾಕ್ಟರ್ ಬಂದು ಹನಿ ತೆಗೆದು ಬಣ್ಣ ಬೆರೆಸಿದರು. ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಎದ್ದು ಅತ್ತೆಗೆ ಜಾಗ ಬಿಟ್ಟರು. ಸುತ್ತಲೂ ನೀಲಿ, ನಡುವೆ ಗುಂಪುಗುಂಪಾಗಿ ಕೋಶಗಳು, ಗುಂಡಗೆ, ಬಿಳಿಯಾಗಿ, ಹೊಳೆಯುತ್ತ. ಬಣ್ಣ ಹಿಡಿದದ್ದು ಎಲ್ಲೋ ಒಂದೆರಡು. ಔಷಧಿ ಅವುಗಳ ಹಿಡಿತ ಬಿಡಿಸಿತ್ತು, ಜೀವ ಬಿಡಿಸಿರಲಿಲ್ಲ. ಒಬ್ಬ ದ್ವಾರಪಾಲಕ ಬಿದ್ದಿದ್ದ, ಇನ್ನೊಬ್ಬ ಬಾಗಿಲು ಹಿಡಿದು ನಿಂತಿದ್ದ. ಆಸರೆ ತಪ್ಪಿದರೂ ಸಾಯದೆ ಒಂದನ್ನೊಂದು ತಬ್ಬಿಕೊಂಡು ತೇಲುವುದನ್ನು ಅವು ಅವಳ ಹೊಟ್ಟೆಯ ನೀರಿನಲ್ಲೇ ಕಲಿತಿದ್ದವು. ಡಾಕ್ಟರ್ ಅವನ್ನು ಹೊಸ ಬಾಟಲಿಗೆ ಹಾಕಿಸಿದರು. ಮಾರನೆಯ ದಿನಕ್ಕೆ ಮತ್ತೆ ತಳ ಹಿಡಿದು ಹರಡಿದವು.

"ಅತ್ತೆ ಫೋನ್ ಮಾಡಿದ್ದು ನನಗೆ ಗೊತ್ತಿರಲಿಲ್ಲ" ಎನ್ನುತ್ತಾರೆ ಡಾಕ್ಟರ್. "ಅವತ್ತು ಅವರು ನನಗೆ ಹೇಳಲೂ ಇಲ್ಲ. ಬಾಟಲಿ ಮಾತ್ರ ನೋಡಿದ್ರೆ ನಾನೂ ಸತ್ತಿವೆ ಅಂತಲೇ ತಿಳ್ಕೊಳ್ತಿದ್ದೆ. ಬಾಯಲ್ಲಿ ಹೇಳ್ತಿರಲಿಲ್ಲ, ಅಷ್ಟೇ ವ್ಯತ್ಯಾಸ."

ಸಂಜೆ ಅತ್ತೆ ಆಸ್ಪತ್ರೆಗೆ ಹೋದದ್ದು ನಿಜ ಹೇಳಲೆಂದೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದರು. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದರೆ ತಂಗಿ ದಿಂಬಿಗೆ ಒರಗಿ ಕೂತಿದ್ದಾಳೆ, ತಟ್ಟೆ ಖಾಲಿಯಾಗಿದೆ. ಎಷ್ಟೋ ವಾರಗಳಿಂದ ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದವಳು. ಕಟ್ಟಿದ ಚೀಲ ಬಿಚ್ಚಿ ಬಟ್ಟೆಗಳನ್ನು ಮತ್ತೆ ಗೂಡಿನಲ್ಲಿ ಜೋಡಿಸಿದ್ದಾಳೆ. ಔಷಧಿಗೆ ಒಪ್ಪಿದ್ದೇನೆ ಎಂದು ವೈದ್ಯರಿಗೆ ತಿಳಿಸಿದ್ದಾಳೆ. ಪಕ್ಕದ ಹಾಸಿಗೆಯ ಹೆಂಗಸಿಗೆ, "ಇವಳೇ ನಮ್ಮಕ್ಕ. ಔಷಧಿಗೆ ನನ್ನ ಕಾಯಿಲೆ ಸಾಯೋದನ್ನ ಕಣ್ಣಾರೆ ನೋಡಿದ್ದಾಳೆ" ಎಂದು ತೋರಿಸುತ್ತಿದ್ದಾಳೆ.

"ಆ ಮುಖ ನೋಡಿ ಹೇಗೆ ಹೇಳ್ಲಿ? ನಾಳೆ ಹೇಳ್ತೀನಿ ಅಂದ್ಕೊಂಡೆ. ತಲೆ ಬಾಚಿ ಜಡೆ ಹಾಕಿ, ಹೊದಿಕೆ ಹೊದಿಸಿ ಮನೆಗೆ ಬಂದೆ."

ಬೆಳಗ್ಗೆ ಅತ್ತೆ ಬಾಟಲಿಗಳ ಕೆಲಸ ಮುಗಿಸಿ ಹೋಗುವಷ್ಟರಲ್ಲಿ ಔಷಧಿ ತಂಗಿಯ ರಕ್ತಕ್ಕೆ ಇಳಿಯುತ್ತಿತ್ತು. ಆಮೇಲೆ ಹೇಳಿ ಏನು ಪ್ರಯೋಜನ ಎಂದು ಮತ್ತೂ ಸುಮ್ಮನಾದರು. ಮೂರನೆಯ ದಿನ ತಂಗಿ ಬಾಗಿ ವಾಂತಿ ಮಾಡಿ ಮಾಡಿ, ಬೇಸಿನ್ ಹಿಡಿದಿದ್ದ ಅಕ್ಕನ ಮುಖ ನೋಡಿ ಕೇಳಿದಳು: "ಇದು ಅವು ಸಾಯ್ತಿರೋದಕ್ಕೇ ಅಲ್ವೇನಕ್ಕ?"

ಆಗ ಅತ್ತೆ ಎಲ್ಲವನ್ನೂ ಹೇಳಿದರು.

ತಂಗಿ ಕೂಗಾಡಲಿಲ್ಲ. ಬಾಯಿ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಈ ಕಡೆ ತಿರುಗದೆಯೇ ಹೇಳಿದಳು. ಆ ಮಾತನ್ನು ಅತ್ತೆ ನನಗೆ ಅವಳದೇ ಧಾಟಿಯಲ್ಲಿ ಹೇಳಿ ತೋರಿಸಿದರು.

"ಬೆಳಗ್ಗೆ ಹೇಳಿದ್ದು ತಪ್ಪು, ಹೋಗ್ಲಿ. ಸಂಜೆ ಹೇಳ್ದೆ ಇದ್ಯಲ್ಲ, ಅದು ಸುಳ್ಳು."

ಔಷಧಿ ನಿಲ್ಲಿಸಿದರು. ತಂಗಿ ಮನೆಗೆ ಬಂದಳು, ಆದರೆ ನಡೆದುಕೊಂಡಲ್ಲ. ಕಿಟಕಿಯ ಪಕ್ಕ ಯಂತ್ರವಿತ್ತು, ಬಿಚ್ಚಿ ಹಾಕಿದ ಪ್ಯಾಂಟಿತ್ತು, ತುಳಿಯಲು ಕಾಲಿನಲ್ಲಿ ಬಲವಿರಲಿಲ್ಲ. ಒಂದು ಮಧ್ಯಾಹ್ನ ಹಟ ಮಾಡಿ ಕೂತು, ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ತಲೆಯನ್ನು ಯಂತ್ರದ ಮೇಲಿಟ್ಟಳು. ಉಳಿದದ್ದನ್ನು ಪಕ್ಕದ ಬೀದಿಯ ದರ್ಜಿ ಮುಗಿಸಿ ಕೊಟ್ಟ. ಔಷಧಿ ಹಾಕದಿದ್ದರೆ ಅವಳು ಎಷ್ಟು ದಿನ ಹೊಲಿಯುತ್ತಿದ್ದಳು ಎಂದು ಯಾರೂ ಹೇಳಲಾರರು. ಹೇಳಲಾಗದು ಎಂಬುದು ಅತ್ತೆಗೆ ಸಮಾಧಾನ ತಂದಿಲ್ಲ, ನನಗೂ ತರಲಿಲ್ಲ.

ಆ ದಿನಗಳಲ್ಲಿ ಅವಳು ಅಕ್ಕನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ನೀರು, ದಿಂಬು, ಗುಳಿಗೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ ಎಚ್ಚರವಾಗಿರುತ್ತಿದ್ದರು. ಅತ್ತೆಗೆ ಕ್ಷಮೆ ಕೇಳುವ ಆಸೆ, ಎದ್ದು ತಂಗಿಯ ಹೊದಿಕೆ ಸರಿಪಡಿಸಿ ಮತ್ತೆ ಬಂದು ಮಲಗುತ್ತಿದ್ದರು.

ಕೊನೆಯ ವಾರ ಡಾಕ್ಟರ್ ಮನೆಗೆ ಬಂದರು. ಇಷ್ಟರಲ್ಲಿ ಅತ್ತೆ ಅವರಿಗೆ ಫೋನಿನ ವಿಷಯ ತಿಳಿಸಿದ್ದರು. ಕೆಲಸದಿಂದ ತೆಗೆಯಿರಿ ಎಂದೂ ಕೇಳಿಕೊಂಡಿದ್ದರು, ಡಾಕ್ಟರ್ ತೆಗೆದಿರಲಿಲ್ಲ. ಅವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ತಂಗಿಗೆ ನೇರವಾಗಿ ಹೇಳಿದರು: ನಿಮ್ಮ ಕೋಶಗಳು ಚೆನ್ನಾಗಿ ಬೆಳೆಯುತ್ತಿವೆ. ಇಬ್ಬರು ದ್ವಾರಪಾಲಕರನ್ನೂ ಒಟ್ಟಿಗೆ ತಳ್ಳುವ ಔಷಧಿಗಳನ್ನು ಅವುಗಳ ಮೇಲೆ ನೋಡಬೇಕೆಂದಿದ್ದೇವೆ. ನಿಮಗೆ ಅದರಿಂದ ಉಪಯೋಗವಿಲ್ಲ. ಬೇಡವೆಂದರೆ ಇವತ್ತೇ ಚೆಲ್ಲಿಸುತ್ತೇನೆ.

ತಂಗಿ ಯೋಚಿಸಿ ಎರಡು ಮಾತು ಹೇಳಿದಳು. "ಇಟ್ಕೊಳ್ಳಿ. ನಿಮ್ಮ ಕೆಲಸ ಮುಗಿದ ದಿನ ಒಂದೂ ಉಳಿಸ್ಬೇಡಿ, ನನ್ನ ಕಾಯಿಲೆ ನನ್ನ ಹಿಂದೇನೇ ಬರಬೇಕು. ಇನ್ನೊಂದು, ಅಲ್ಲೀವರೆಗೆ ಅವನ್ನ ಸಾಕೋಳು ಇವಳೇ ಆಗಿರ್ಬೇಕು. ಬೇರೆಯವರ ಕೈಗೆ ಕೊಡ್ಬಾರ್ದು."

"ಅದು ಕ್ಷಮೇನೋ ಶಿಕ್ಷೇನೋ ನನಗೆ ಇವತ್ತಿಗೂ ಗೊತ್ತಾಗಿಲ್ಲ" ಎನ್ನುತ್ತಾರೆ ಅತ್ತೆ. "ಕೇಳ್ಬೇಕು ಅಂದ್ಕೊಂಡೆ. ಅಷ್ಟರಲ್ಲಿ ಅವಳಿಗೆ ಪ್ರಜ್ಞೆ ತಪ್ಪಿತು."

ಅತ್ತೆಗೆ ನಿವೃತ್ತಿಯ ವಯಸ್ಸು ದಾಟಿದೆ. ಕೇಂದ್ರದವರು ಪ್ರತಿ ವರ್ಷ ಸೇವೆ ಮುಂದುವರಿಸುತ್ತಿದ್ದಾರೆ, ಅತ್ತೆ ಪ್ರತಿ ವರ್ಷ ಕೇಳಿಕೊಳ್ಳುತ್ತಿದ್ದಾರೆ. ನಲವತ್ತು ಬಾಟಲಿಗಳಲ್ಲಿ ಆರು ತಂಗಿಯವು. ಅವುಗಳಿಗೆ ಮೊದಲ ಸರದಿಯಿಲ್ಲ, ಕೊನೆಯದೂ ಇಲ್ಲ, ನಡುವಿನ ಸಾಲಿನಲ್ಲಿವೆ. ಅವುಗಳೊಡನೆ ಮಾತ್ರ ಅತ್ತೆ ಮಾತಾಡುವುದಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು, ತಳ ನೋಡಿ, ಹಳದಿಯಾದದ್ದನ್ನು ಹೀರಿ, ಕೆಂಪು ತುಂಬಿ, ಮುಚ್ಚಳ ತಿರುಗಿಸುತ್ತಾರೆ.

"ಸಿಟ್ಟು ಬರಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಬರುತ್ತೆ. ಅವಳನ್ನ ತಿಂದು ಹಾಕಿದ್ದು ಇವೇ ತಾನೆ? ಆದ್ರೆ ಈ ಭೂಮಿ ಮೇಲೆ ನನ್ನ ತಂಗೀದು ಅಂತ ಉಸಿರಾಡ್ತಿರೋದೂ ಇದೊಂದೇ. ಒಂದೊಂದು ದಿನ ಬಾಟಲಿ ಬೆಚ್ಚಗಿರುತ್ತಲ್ಲ, ಕೆಳಗಿಡೋಕೆ ಮನಸ್ಸು ಬರಲ್ಲ."

ನಾನು ಬರುವುದಕ್ಕೆ ಎರಡು ವಾರ ಮುಂಚೆ ಎರಡು ಔಷಧಿ ಸೇರಿಸಿ ಹಾಕಿದ ಬಾಟಲಿಯಲ್ಲಿ ಮೊದಲ ಸಲ ಅರ್ಧಕ್ಕಿಂತ ಹೆಚ್ಚು ಕೋಶಗಳು ನೀಲಿಯಾದವಂತೆ. ಇದನ್ನು ಹೇಳಿದ್ದು ಡಾಕ್ಟರ್. ಇದರಿಂದ ಯಾವ ರೋಗಿಗೂ ಸದ್ಯಕ್ಕೆ ಏನೂ ಆಗುವುದಿಲ್ಲ, ದಯವಿಟ್ಟು ಪತ್ರಿಕೆಯಲ್ಲಿ ಆಸೆ ಹುಟ್ಟಿಸಬೇಡಿ ಎಂದು ಎರಡೆರಡು ಸಲ ಹೇಳಿದರು. ಹುಟ್ಟಿಸುತ್ತಿಲ್ಲ. ಇನ್ನೊಂದೆರಡು ವರ್ಷದ ಕೆಲಸವಿದೆ, ಮುಗಿದ ಮೇಲೆ ಕೊಟ್ಟ ಮಾತಿನಂತೆ ಆರೂ ಬಾಟಲಿ ಖಾಲಿಯಾಗುತ್ತವೆ.

ಹೊರಡುವಾಗ, ಇಂಥ ಲೇಖನ ಬರೆಯುವವರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದೆ, ನಿಮ್ಮ ಆಸೆ ಏನು ಎಂದು. ಅತ್ತೆ ಕೈಗವಸು ಕಳಚಿ, ಒಡೆದ ಬೆರಳ ಸಂದಿಗೆ ಎಣ್ಣೆ ಹಚ್ಚಿಕೊಂಡರು.

"ಅವಳು ಹೋದಾಗ ನಾನು ರಜೆ ಹಾಕ್ಲಿಲ್ಲ. ಬಾಟಲಿಗಳು ಹಸಿದಿರ್ತವೆ ಅಂತ ಮಾರನೇ ದಿನವೇ ಬಂದೆ. ಅವಳವು ಪೂರ್ತಿ ಸತ್ತ ದಿನ ಒಂದು ರಜೆ ಕೇಳ್ತೀನಿ. ಬಣ್ಣ ಹಾಕಿ, ಚೆನ್ನಾಗಿ ನೋಡಿ, ಆಮೇಲೇನೇ ಬರೀತೀನಿ, ಮನೇಲಿ ಸಾವಾಗಿದೆ ಅಂತ. ಅಂಥ ರಜೆಗೆ ಯಾರೂ ಇಲ್ಲ ಅನ್ನಲ್ಲ, ಅಲ್ವಾ?"